ತೂಬಿನ ಎಡಕ್ಕೆ ಹೋದ ಹುಣಸೆಮರ

ಭಾನುವಾರ ಬೆಳಗ್ಗೆ ಮಂಡ್ಯದಲ್ಲಿ ಮರ್ಯಾದಸ್ಥ ಗಂಡಸರು ಮಟನ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ಹಲಗೆ, ಕೈಯಲ್ಲಿ ಮಡಚುವ ಸ್ಟೂಲು. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ವಾರವಿಡೀ ನನ್ನ ಪಿರಿಯಡ್ಡುಗಳನ್ನು ಗಣಿತದ ಮೇಷ್ಟ್ರು ಕೇಳಿ ತೆಗೆದುಕೊಳ್ಳುತ್ತಿದ್ದರು, ಪರೀಕ್ಷೆ ಹತ್ತಿರ ಬಂದರೆ ಕೇಳದೆಯೂ ತೆಗೆದುಕೊಳ್ಳುತ್ತಿದ್ದರು. ಹೀಗೆ ಮಿಕ್ಕಿದ ಕಲೆಯನ್ನೆಲ್ಲ ಭಾನುವಾರ ಯಾವುದಾದರೂ ಊರಿನ ಬಯಲಲ್ಲಿ ಸುರಿದು ಬರುವುದು ನನ್ನ ಪದ್ಧತಿ. ‘ಮನೇಲಿ ಫ್ಯಾನ್ ಕೆಳಗೆ ಕೂತ್ಕೊಂಡು ಬರೆದ್ರೆ ಮರ ಬೆಳೆಯಲ್ವಾ’ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಅವಳಿಗೆ ಕಲೆ ಅರ್ಥವಾಗುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ.

ನನ್ನ ಜೊತೆಗೊಬ್ಬರು ಗೆಳೆಯರಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರು ಬರೀ ಆಕಾಶ ಬರೆಯುತ್ತಿದ್ದರು. ಮಳವಳ್ಳಿಗೆ ಹೋದರೂ ಆಕಾಶ, ದುದ್ದದ ಕೆರೆ ಏರಿಯ ಮೇಲೆ ಕೂತರೂ ಆಕಾಶ. ಅದನ್ನು ಮಂಡ್ಯದ ನಿಮ್ಮ ಮನೆಯ ತಾರಸಿಯಿಂದಲೇ ಬರೆಯಬಹುದಲ್ಲ ಎಂದರೆ, ಮದ್ದೂರಿನಲ್ಲಿ ಇಳಿದು ವಡೆ ತಿನ್ನುವುದಕ್ಕೆ ಬೇರೆ ಕಾರಣ ಬೇಕಲ್ಲ ಎನ್ನುತ್ತಿದ್ದರು. ನಮ್ಮಿಬ್ಬರ ಕಲಾಯಾತ್ರೆಯಲ್ಲಿ ಸುಳ್ಳು ಹೇಳದವರು ಅವರೊಬ್ಬರೇ.

ಹೊರಗೆ ಕೂತು ಚಿತ್ರ ಬರೆಯುವವನಿಗೆ ಬೇಡದಿರುವುದೆಂದರೆ ಜನ, ನಮ್ಮ ಕಡೆ ಧಾರಾಳವಾಗಿ ಸಿಗುವುದೂ ಅದೇ. ದುದ್ದದಲ್ಲಿ ಒಬ್ಬರು ಅರ್ಧ ಗಂಟೆ ನನ್ನ ಬೆನ್ನ ಹಿಂದೆ ನಿಂತಿದ್ದು, ‘ಫೋಟೋ ತಕ್ಕೊಂಡ್ರೆ ಒಂದ್ ನಿಮಿಸ ಸಾ’ ಎಂದು ಹೇಳಿ ಹೋದರು. ಸೋಮನಹಳ್ಳಿಯಲ್ಲಿ ಹೆದ್ದಾರಿಯ ಬದಿಯ ಬೇವಿನಮರ ಬರೆಯುತ್ತಿದ್ದಾಗ ಒಬ್ಬ ಗೃಹಸ್ಥರು ತಮ್ಮ ವರ್ಕ್‌ಶಾಪಿನ ಬೋರ್ಡು ಬರೆಯಲು ಎಷ್ಟಾಗುತ್ತದೆ ಎಂದು ವಿಚಾರಿಸಿದರು. ನನಗೆ ಅವಮಾನವಾಯಿತು. ಅವರಿಗೆ ನೆರಳು ಬೆಳಕಿನ ವಿಷಯ ಹತ್ತು ನಿಮಿಷ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ‘ಅಂದ್ರೆ ಬೋರ್ಡ್ ಬರೆಯಕ್ ಬರಕಿಲ್ಲ’ ಎಂದು ತೀರ್ಮಾನಿಸಿದರು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಹೊಗಳಿಕೆಗೆ ಎಷ್ಟು ಹಸಿದಿದ್ದೆ ಎನ್ನುವುದು ನಿಮಗೆ ಗೊತ್ತಾಗಬೇಕು. ಮುಂದಿನದಕ್ಕೆಲ್ಲ ಅದೇ ಕಾರಣ.

ಬೆಳಕವಾಡಿಯಿಂದ ಸ್ವಲ್ಪ ಒಳಗೆ ಹೋದರೆ ಒಂದು ಊರು. ಹೆಸರು ಬೇಡ, ಅಲ್ಲಿ ಈಗ ನನಗೆ ಮುಖ ತೋರಿಸಲು ಆಗುವುದಿಲ್ಲ. ಊರಾಚೆ ನಾಲೆ ಹರಿಯುತ್ತದೆ. ನಾಲೆಯ ದಂಡೆಯಲ್ಲಿ ಒಂದು ತೂಬು, ಅಂದರೆ ನಾಲೆಯ ನೀರನ್ನು ಗದ್ದೆಗೆ ಬಿಡುವ ಸಿಮೆಂಟಿನ ಬಾಯಿ, ಅದರ ಮೇಲೆ ತುಕ್ಕು ಹಿಡಿದ ಕಬ್ಬಿಣದ ಚಕ್ರ. ತೂಬಿನ ಬಲಕ್ಕೆ ಹತ್ತು ಹೆಜ್ಜೆ ದೂರದಲ್ಲಿ, ಗದ್ದೆಯ ಬದುವಿನ ಮೇಲೆ ಒಂದು ಹುಣಸೆಮರ. ಅದರಾಚೆ, ಇನ್ನೂ ಬಲಕ್ಕೆ, ತೆಂಗಿನಮರಗಳ ಗುಂಪು. ಮುಂದೆ ಆಗತಾನೆ ನಾಟಿ ಮಾಡಿದ್ದ ಗದ್ದೆ. ನಾನು ಸ್ಟೂಲು ಹಾಕಿದೆ. ಗೆಳೆಯರು ನನಗೆ ಬೆನ್ನು ಮಾಡಿ ಕೂತು ಆಕಾಶ ಶುರು ಮಾಡಿದರು.

ನನ್ನ ಕಣ್ಣಿಗೆ ಆ ದೃಶ್ಯದಲ್ಲಿ ಒಂದು ದೋಷ ಕಂಡಿತು. ಭಾರವೆಲ್ಲ ಬಲಗಡೆಗೆ ಬಿದ್ದಿತ್ತು. ಬಲಗಡೆ ಹುಣಸೆ, ಬಲಗಡೆಯೇ ತೆಂಗು, ಎಡಗಡೆ ಏನೂ ಇಲ್ಲ. ದೇವರು ನಮ್ಮ ಆರ್ಟ್ ಸ್ಕೂಲಿಗೆ ಬಂದಿರಲಿಲ್ಲವಲ್ಲ. ನಾನು ಅವನ ತಪ್ಪು ತಿದ್ದಿದೆ. ಹುಣಸೆಮರವನ್ನು ಎತ್ತಿ ತೂಬಿನ ಎಡಕ್ಕೆ ಇಟ್ಟೆ. ಚಿತ್ರ ಬರೆಯುವವರೆಲ್ಲ ಮಾಡುವ ಕೆಲಸವೇ ಅದು. ಮರ ಸರಿಸುತ್ತೇವೆ, ಗುಡ್ಡ ಏರಿಸುತ್ತೇವೆ, ಕರೆಂಟು ಕಂಬ ಕಿತ್ತು ಬಿಸಾಡುತ್ತೇವೆ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ಒಂದು ಇಲಾಖೆ ಹತ್ತು ವರ್ಷದಲ್ಲಿ ಮಾಡಲಾಗದ್ದನ್ನು ಮಾಡಿ ಮುಗಿಸುತ್ತೇವೆ.

ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. ಐವತ್ತರ ಆಸುಪಾಸು. ಆ ಗದ್ದೆ ಅವರದೇ ಎಂದು ಆಮೇಲೆ ತಿಳಿಯಿತು. ಒಂದು ಸಲ ಕಾಗದ ನೋಡಿದರು, ಒಂದು ಸಲ ನಾಲೆಯ ಕಡೆ ನೋಡಿದರು.

‘ಮರ ಅಲ್ಲಿಲ್ಲ ಕಣಿ ಸಾ. ತೂಬಿಂದ ಈ ಕಡೀಕ್ ಐತೆ’ ಎಂದರು.

ನಾನು ನಕ್ಕೆ. ತಿಳಿದವರು ತಿಳಿಯದವರ ಮುಂದೆ ನಗುವ ನಗೆ. ‘ನೋಡಿ ಅಮ್ಮ, ಇದು ಫೋಟೋ ಅಲ್ಲ. ಮರ ಎಲ್ಲಿದೆ ಅನ್ನೋದು ಮುಖ್ಯ ಅಲ್ಲ, ಎಲ್ಲಿರಬೇಕು ಅನ್ನೋದು ಮುಖ್ಯ’ ಎಂದೆ. ಈ ಮಾತನ್ನು ನಾನು ಬಹಳ ದಿನದಿಂದ ಯಾರಿಗಾದರೂ ಹೇಳಬೇಕೆಂದು ಇಟ್ಟುಕೊಂಡಿದ್ದೆ.

‘ಅದೇನೋಪ್ಪ. ಇರೋದ್ನ ಇದ್ದಂಗೆ ಬರುದ್ರೆ ಸುಲಬ ಅಲ್ವಾ’ ಎಂದು ಆಕೆ ಮತ್ತೆ ಗದ್ದೆಗೆ ಇಳಿದರು.

ಹತ್ತು ಗಂಟೆಯ ಹೊತ್ತಿಗೆ ಬಿಳಿ ಅಂಗಿ, ಬಿಳಿ ಪಂಚೆಯ ಯಜಮಾನರೊಬ್ಬರು ಬೈಕಿನಲ್ಲಿ ಬಂದರು. ಊರಿನ ಹಾಲಿನ ಡೇರಿಯ ಅಧ್ಯಕ್ಷರಂತೆ. ಎಳನೀರು ತರಿಸಿಕೊಟ್ಟರು. ಚಿತ್ರವನ್ನು ಸುಮ್ಮನೆ ನೋಡುತ್ತ ನಿಂತರು. ತುಂಬ ಹೊತ್ತು ನೋಡಿದರು. ಅಷ್ಟು ಹೊತ್ತು ನನ್ನ ಚಿತ್ರವನ್ನು ನಾನೂ ನೋಡಿಲ್ಲ.

‘ಎಂಥಾ ಕೈ ಸಾ ನಿಮ್ದು. ತೂಬಿನ ಚಕ್ರದ್ ತುಕ್ಕೂ ಬುಟ್ಟಿಲ್ವಲ್ಲ’ ಎಂದರು. ‘ಉಣಸೆಮರ ಬಂದು ಎಷ್ಟ್ ಸಂದಾಗ್ ಕುಂತದೆ.’

ನನ್ನ ಎದೆ ಉಬ್ಬಿತು. ಗೆಳೆಯರ ಕಡೆ ತಿರುಗಿ ನೋಡಿದೆ, ಅವರು ಒಂದು ಮೋಡದಲ್ಲಿ ಮುಳುಗಿದ್ದರು. ಅಧ್ಯಕ್ಷರು ಬಹಳ ಸಂಕೋಚದಿಂದ, ಈ ಚಿತ್ರ ನಮ್ಮ ಮನೆಯ ಗೋಡೆಯಲ್ಲಿದ್ದರೆ ನಮ್ಮ ಪುಣ್ಯ ಎಂದರು. ಕೊಟ್ಟುಬಿಟ್ಟೆ. ಕಾಸಿನ ಮಾತೆತ್ತಿದರು, ಕಲೆಗೆ ಬೆಲೆ ಕಟ್ಟಬೇಡಿ ಎಂದು ನಾನೇ ಕೈ ಅಡ್ಡ ಹಿಡಿದೆ. ಆಗ ಅವರು, ‘ಒಂದ್ ಸೈನ್ ಆಕ್ಬುಡಿ. ತಾರೀಕೂ ಬರೀರಿ. ನಮ್ಮೂರ್ ಎಸ್ರೂ ಇರ್ಲಿ’ ಎಂದರು. ಮೂವತ್ತು ವರ್ಷದ ನನ್ನ ಕಲಾಜೀವನದಲ್ಲಿ ನನ್ನ ಸಹಿ ಕೇಳಿದ ಮೊದಲ ಮನುಷ್ಯ. ದೊಡ್ಡದಾಗಿ ಹಾಕಿದೆ. ತಾರೀಖು, ಊರು, ತಾಲ್ಲೂಕು, ಹೆಸರಿನ ಕೆಳಗೆ ‘ಡ್ರಾಯಿಂಗ್ ಮೇಷ್ಟ್ರು, ಸರ್ಕಾರಿ ಹೈಸ್ಕೂಲು, ಮಂಡ್ಯ’, ಎಲ್ಲ ಬರೆದೆ. ಮೈಮರೆತು ‘ಸ್ಥಳದಲ್ಲೇ ರಚಿಸಿದ್ದು’ ಎಂದೂ ಸೇರಿಸಿದೆ.

ವಾಪಸು ಬರುವಾಗ ಮದ್ದೂರಿನಲ್ಲಿ ಆ ಖುಷಿಗೆ ಗೆಳೆಯರಿಗೆ ನಾನೇ ವಡೆ ಕೊಡಿಸಿದೆ. ಹಳ್ಳಿಯ ಜನರಲ್ಲಿ ಕಲಾಭಿರುಚಿ ಸತ್ತಿಲ್ಲ ಎಂದು ಬಸ್ಸು ಮಂಡ್ಯ ಮುಟ್ಟುವತನಕ ಭಾಷಣ ಮಾಡಿದೆ.

ವರ್ಷದ ಮೇಲೆ, ಒಂದು ದಿನ ಮಧ್ಯಾಹ್ನ, ಆ ಗದ್ದೆಯ ಹೆಂಗಸು ನಮ್ಮ ಸ್ಕೂಲಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಮಳವಳ್ಳಿಯಿಂದ ಬಸ್ಸು ಹಿಡಿದು ಬಂದು, ಡ್ರಾಯಿಂಗ್ ಮೇಷ್ಟ್ರು ಎಲ್ಲಿ ಎಂದು ಮಂಡ್ಯದಲ್ಲಿ ಮೂರು ಸ್ಕೂಲು ಹುಡುಕಿದ್ದರಂತೆ. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತಾಯಿತು. ಆಕೆ ಕೂರಲಿಲ್ಲ. ಮೊಬೈಲು ತೆಗೆದು ಒಂದು ಫೋಟೋ ತೋರಿಸಿದರು. ಗಾಜು, ಚಿನ್ನದ ಬಣ್ಣದ ಕಟ್ಟು, ಅದರೊಳಗೆ ನನ್ನ ಚಿತ್ರ.

‘ಇದ್ನ ಬರದೋರು ನೀವೇ ಅಲ್ವಾ ಮೇಷ್ಟ್ರೇ’ ಎಂದರು.

ಹೆಮ್ಮೆಯಿಂದಲೇ ಹೌದು ಎಂದೆ. ಆಮೇಲೆ ಅವರು ಹೇಳಿದ್ದನ್ನು ನಿಂತುಕೊಂಡೇ ಕೇಳಿದೆ.

ಅಧ್ಯಕ್ಷರು ಆಕೆಯ ಭಾವ, ತೀರಿಹೋದ ಗಂಡನ ಅಣ್ಣ. ಆಕೆಯ ಮಾವನ ಕಾಲದಲ್ಲೇ ಅಣ್ಣತಮ್ಮಂದಿರಿಗೆ ಭಾಗವಾಗಿತ್ತು. ಆದರೆ ಬಾಯಿಮಾತಿನಲ್ಲಿ. ಪಹಣಿ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಹುಣಸೆಮರದಿಂದ ಬಲಕ್ಕೆ ಅಣ್ಣನದು, ಎಡಕ್ಕೆ ತಮ್ಮನದು. ಅಣ್ಣನಿಗೆ ಬೋರ್‌ವೆಲ್ ಇದ್ದ ತುಂಡು ಹೋದ್ದರಿಂದ ತಮ್ಮನಿಗೆ ತೂಬು ಸಿಕ್ಕಿತ್ತು. ಈಚೆಗೆ ಬೋರ್‌ವೆಲ್ ಬತ್ತಿತು. ಬೇಸಿಗೆಯಲ್ಲಿ ಅಧ್ಯಕ್ಷರು ಹುಣಸೆಮರ ಕಡಿಸಿ, ಜೆಸಿಬಿ ತರಿಸಿ ಬುಡ ಕೀಳಿಸಿ, ಬದು ಅಗೆಸಿ, ನೆಲವನ್ನು ಒಂದೇ ಸಮ ಮಾಡಿಸಿದರು. ಮರ ಇದ್ದದ್ದೇ ತೂಬಿನ ಎಡಕ್ಕೆ, ಆದ್ದರಿಂದ ತೂಬು ನನ್ನದು ಎಂದರು. ಸಾಕ್ಷಿ ಏನು ಎಂದು ಕೇಳಿದರೆ ಗೋಡೆಯ ಮೇಲಿದ್ದ ಚಿತ್ರ ತೋರಿಸಿದರು. ಸಹಿ ಇದೆ, ತಾರೀಖಿದೆ, ಸ್ಥಳದಲ್ಲೇ ಬರೆದದ್ದೆಂದು ಬರೆದಿದೆ, ಬರೆದವರು ಸರ್ಕಾರಿ ಮೇಷ್ಟ್ರು.

‘ಆ ತೂಬು ಓದ್ರೆ ನನ್ ಗದ್ದೆಗೆ ನೀರಿಲ್ಲ ಮೇಷ್ಟ್ರೇ. ಅವ್ರು ಬುಟ್ರೆ ಉಂಟು, ಇಲ್ದಿದ್ರೆ ಇಲ್ಲ’ ಎಂದರು. ಅಳುತ್ತಿರಲಿಲ್ಲ. ಬಸ್ಸಿನ ವೇಳೆ ಹೇಳುವ ಧ್ವನಿಯಲ್ಲಿ ಹೇಳಿದರು.

ಅಂದು ನಾನು ಕಂಡದ್ದು ಕಲಾಭಿರುಚಿಯಲ್ಲ. ಆ ಮನುಷ್ಯ ಅಷ್ಟು ಹೊತ್ತು ನೋಡಿದ್ದು ನನ್ನ ಬಣ್ಣವನ್ನಲ್ಲ, ಮರ ಕೂತ ಜಾಗವನ್ನು. ನನಗೆ ಕೆಟ್ಟ ಕೋಪ ಬಂತು. ಆತನ ಮೇಲೆ ಬಂದದ್ದಕ್ಕಿಂತ ಹೆಚ್ಚಾಗಿ, ತಾಲ್ಲೂಕಿನ ಹೆಸರನ್ನೂ ಬಿಡದೆ ಬರೆದುಕೊಟ್ಟ ನನ್ನ ಮೇಲೆ ಬಂತು. ‘ಊರಲ್ಲಿ ಮರ ನೋಡಿದವರು ಯಾರೂ ಇಲ್ಲವೇ’ ಎಂದು ಕೇಳಿದೆ.

‘ಎಲ್ರೂ ನೋಡವ್ರೆ. ಎಲ್ರೂ ಅದ್ರ ಉಣಸೆಅಣ್ಣು ತಿಂದವ್ರೆ. ಯಾರ್ಗೂ ನೆಪ್ಪಿಲ್ಲ’ ಎಂದರು. ಊರಿನವರ ಹಾಲಿನ ಫ್ಯಾಟು ಅಳೆದು ರೇಟು ಕಟ್ಟುವುದು ಅಧ್ಯಕ್ಷರ ಡೇರಿಯಲ್ಲಿ ಎನ್ನುವುದನ್ನು ಬಿಡಿಸಿ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಬೆಳೆದ ನನಗೂ ಕಾಣಲಿಲ್ಲ.

ಮುಂದಿನ ಭಾನುವಾರ ಪಂಚಾಯ್ತಿ. ಬಂದು ಇದ್ದದ್ದು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಗೆಳೆಯರು ಮೊಬೈಲಿನಲ್ಲಿ ಉಪಗ್ರಹದ ಹಳೆಯ ಚಿತ್ರ ತೆಗೆದು ಎರಡು ದಿನ ಹಿಗ್ಗಿಸಿ ನೋಡಿದರು. ಮೇಲಿನಿಂದ ಹುಣಸೆ, ತೆಂಗು, ಪೊದೆ ಎಲ್ಲ ಒಂದೇ ಹಸಿರು ಕಲೆ. ಅಂದು ಅವರೇ ಬರೆದಿದ್ದ ಚಿತ್ರವನ್ನೂ ಆಸೆಯಿಂದ ಹುಡುಕಿ ತೆಗೆದೆವು. ಅದರಲ್ಲಿ ಮೂರು ಮೋಡ ಇದ್ದವು, ಮೂರೂ ಇದ್ದ ಜಾಗದಲ್ಲೇ ಇದ್ದವು. ಅವುಗಳ ಮೇಲೆ ಯಾರದೂ ತಕರಾರು ಇರಲಿಲ್ಲ.

ಪಂಚಾಯ್ತಿ ಡೇರಿಯ ಜಗಲಿಯ ಮೇಲೆ ಸೇರಿತ್ತು. ಇಪ್ಪತ್ತು ಮೂವತ್ತು ಜನ. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ನನಗೇ ಇರಬೇಕು ಎಂದುಕೊಂಡು ಮುಂದೆ ಹೋದೆ. ಅದರ ಮೇಲೆ ನನ್ನ ಚಿತ್ರವನ್ನು ಒರಗಿಸಿದ್ದರು. ನನಗೆ ನಿಲ್ಲಲು ಹೇಳಿದರು. ಆಕೆ ಕಂಬದ ಪಕ್ಕ ನೆಲದ ಮೇಲೆ ಕೂತಿದ್ದರು. ಅಧ್ಯಕ್ಷರು ನನಗೆ ಕೈ ಮುಗಿದು, ಪ್ರಯಾಣ ಸುಖವಾಗಿತ್ತೇ ಎಂದು ವಿಚಾರಿಸಿದರು. ಆತನಂಥ ವಿನಯವಂತರನ್ನು ನಾನು ಹೆಚ್ಚು ನೋಡಿಲ್ಲ.

ನ್ಯಾಯ ಹೇಳಬೇಕಿದ್ದ ಹಿರಿಯರಿಗೆ ಎಂಬತ್ತು ದಾಟಿರಬೇಕು. ಕನ್ನಡಕ ಸರಿ ಮಾಡಿಕೊಂಡು ಕೇಳಿದರು: ‘ಇದು ನೀವೇ ಬರದದ್ದಾ?’

‘ಹೌದು.’

‘ಸೈನು?’

‘ನನ್ನದೇ.’

‘ಮರ ಇಲ್ಲಿತ್ತಾ?’

‘ಇರಲಿಲ್ಲ. ತೂಬಿನ ಬಲಕ್ಕೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಸರಿಸಿದೆ.’

‘ಯಾಕೆ?’

ಆ ಜಗಲಿಯ ಮೇಲೆ ನಿಂತು, ಚಿತ್ರದ ಸಮತೋಲನ ಎಂಬ ಮಾತನ್ನು ಆಡಲು ನಾಲಗೆ ಏಳಲಿಲ್ಲ. ‘ಚೆನ್ನಾಗಿ ಕಾಣಲಿ ಅಂತ’ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಧ್ಯಕ್ಷರು ನಿಧಾನವಾಗಿ ಎದ್ದರು. ‘ಮೇಷ್ಟ್ರು ದೊಡ್ಡೋರು. ನಮ್ಮ ತಮ್ಮನ್ ಎಂಡ್ತಿ ಓಗಿ ಕಣ್ಣೀರ್ ಆಕವ್ಳೆ, ಕರುಳು ಚುರುಕ್ ಅಂದದೆ. ತೆಪ್ಪಲ್ಲ. ಆದ್ರೆ ತೂಬು ಇದ್ದಂಗೇ ಐತೆ, ಚಕ್ರ ಇದ್ದಂಗೇ ಐತೆ, ಅದ್ರ ತುಕ್ಕೂ ಐತೆ. ಮರ ಒಂದೇ ಎಂಗೆ ಸುಳ್ಳಾಯ್ತದೆ?’

ಅದಕ್ಕೆ ಜನ ತಲೆದೂಗಿದರು. ನನಗೆ ಬೇರೆ ದಾರಿ ಇರಲಿಲ್ಲ. ‘ಮರ ಒಂದೇ ಅಲ್ಲ, ಇನ್ನೂ ಸುಳ್ಳಿವೆ’ ಎಂದೆ. ಹಿರಿಯರು ಚಿತ್ರದ ಹತ್ತಿರ ಕರೆದರು. ಆಮೇಲೆ ನಡೆದದ್ದು ನನ್ನ ಜೀವನದ ಏಕೈಕ ಕಲಾ ವಿಮರ್ಶೆ.

‘ಈ ಎತ್ತಿನ್ ಗಾಡಿ ಯಾರ್ದು?’

‘ಯಾರದೂ ಅಲ್ಲ. ಊರಲ್ಲಿ ಗಾಡಿಯೇ ಇರಲಿಲ್ಲ.’

‘ಈ ಗುಡ್ಡ?’

‘ಅದು ಮಳವಳ್ಳಿ ದಾರಿಯಲ್ಲಿ ನೋಡಿದ್ದು.’

‘ಟ್ರಾನ್ಸ್‌ಫಾರ್ಮರ್ ಎಲ್ಲಿ? ಆ ಮೂಲೇಲಿ ಇತ್ತಲ್ಲ, ಅದ್ರ ಕಂಬ?’

‘ತೆಗೆದುಬಿಟ್ಟೆ. ನೋಡಲು ಚೆನ್ನಾಗಿರಲಿಲ್ಲ.’

‘ಅದ್ನ ಆಕಿಸ್ಕೊಳಕ್ಕೆ ನಾವು ಎಂಟ್ ವರ್ಸ ಅಲ್ದಿದ್ದೊ’ ಎಂದು ಪಕ್ಕದಲ್ಲಿದ್ದವರೊಬ್ಬರು ನೊಂದುಕೊಂಡರು. ‘ಈ ಕೊಡ ಒತ್ಕೊಂಡ್ ಓಯ್ತಿರೋಳು ಯಾರು’ ಎಂದು ಇನ್ನೊಬ್ಬರು ಕೇಳಿದರು. ಊರಿನ ಹೆಂಗಸರಲ್ಲಿ ಅಷ್ಟು ಸಣ್ಣ ಸೊಂಟದವರು ಯಾರೂ ಇಲ್ಲ ಎಂದು ಚರ್ಚೆಯಾಯಿತು. ಅವಳೂ ಸುಳ್ಳು ಎಂದು ಒಪ್ಪಿಕೊಂಡೆ. ಒಂದೊಂದು ಒಪ್ಪಿಕೊಂಡಂತೆ ನಗು ಏರುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಆದರೂ ಒಳಗೊಳಗೆ ಸಮಾಧಾನವಿತ್ತು. ಚಿತ್ರ ಬಿದ್ದುಹೋಗುತ್ತಿದೆ, ಆಕೆಗೆ ತೂಬು ಉಳಿಯುತ್ತದೆ ಎಂದುಕೊಂಡೆ.

ಹಿರಿಯರು ಕನ್ನಡಕ ತೆಗೆದು ಒರೆಸಿದರು. ‘ಈ ಪಟ ಲೆಕ್ಕಕ್ಕಿಲ್ಲ, ತಗೀರಿ’ ಎಂದರು. ನಾನು ಉಸಿರು ಬಿಟ್ಟೆ. ಅವರು ಮುಂದುವರಿಸಿದರು: ‘ಮೇಷ್ಟ್ರ ಮಾತೂ ಲೆಕ್ಕಕ್ಕಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಇಷ್ಟ್ ಸುಳ್ಳು ಬರ್ದು ಸೈನ್ ಆಕೋರು, ಇವತ್ ಬಾಯಲ್ ಏಳೋದ್ನ ನಂಬು ಅಂದ್ರೆ ಎಂಗಪ್ಪ ನಂಬಾನ?’

ನನಗೆ ಅದು ಹೊಳೆದೇ ಇರಲಿಲ್ಲ. ಚಿತ್ರ ಸುಳ್ಳೆಂದು ಸಾಬೀತು ಮಾಡುವ ಉತ್ಸಾಹದಲ್ಲಿ, ಆಕೆಯ ಪರವಾಗಿ ಇದ್ದ ಒಂದೇ ಒಂದು ಸಾಕ್ಷಿಯನ್ನು, ಅಂದರೆ ನನ್ನನ್ನು, ನಾನೇ ಸುಳ್ಳುಗಾರನೆಂದು ಸಾಬೀತು ಮಾಡಿದ್ದೆ. ಇಲ್ಲ, ಮರದ ವಿಷಯ ಮಾತ್ರ ನನ್ನನ್ನು ನಂಬಿ ಎಂದು ಬೇಡಿಕೊಂಡೆ. ನನ್ನ ಧ್ವನಿ ನನಗೇ ಕಳ್ಳನ ಧ್ವನಿಯಂತೆ ಕೇಳಿತು.

ಹಿರಿಯರು ಅಧ್ಯಕ್ಷರ ಕಡೆ ತಿರುಗಿದರು. ಕಾಗದ ಇಲ್ಲ, ಸಾಕ್ಷಿ ಇಲ್ಲ ಎಂದಾಗ ಆ ಕಡೆಯ ಪಂಚಾಯ್ತಿಗಳಿಗೆ ಉಳಿಯುವುದು ಒಂದೇ. ‘ಕರ್ಪೂರ ಅಚ್ಚಿ ಆಣೆ ಮಾಡ್ಬುಡಪ್ಪ. ಮರ ತೂಬಿಂದ ಎಡಕ್ಕಿತ್ತು ಅಂತ ಮಾರಮ್ಮನ್ ಮ್ಯಾಲೆ ಆಣೆ ಇಟ್ಟು ಕೈಲಿ ಉರಿ ಆರ್ಸು. ತೂಬು ನಿಂದು. ಮಿಕ್ಕಿದ್ದು ಆ ತಾಯಿ ನೋಡ್ಕತಾಳೆ.’

ಎದುರಿಗೇ ಮಾರಮ್ಮನ ಗುಡಿ. ಯಾರೋ ತಟ್ಟೆ ತಂದರು. ಕರ್ಪೂರ ಹತ್ತಿತು. ಅಧ್ಯಕ್ಷರು ಅಂಗಿಯ ತೋಳು ಮಡಚಿದರು. ಆತನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನಾದರೋ, ಈತ ಹೆದರುತ್ತಾನೆ, ಕಡೇ ಗಳಿಗೆಯಲ್ಲಿ ಹಿಂದೆಗೆಯುತ್ತಾನೆ ಎಂದು ಕಾಯುತ್ತಿದ್ದೆ. ಕೈ ಚಾಚಿದರು.

ಅಷ್ಟರಲ್ಲಿ ಆಕೆ ಎದ್ದು ಬಂದು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

‘ಬ್ಯಾಡ ಭಾವ. ಆಣೆ ಇಡ್ಬ್ಯಾಡಿ’ ಎಂದರು. ‘ನಿಮ್ ಮನೇಲಿ ಎರಡ್ ಮೊಮ್ಮಕ್ಕಳವೆ. ಎಳೇಕೂಸಾಗಿದ್ದಾಗ ಎರಡಕ್ಕೂ ನಾನೇ ನೀರುಯ್ದಿವ್ನಿ. ನೀವ್ ಇಟ್ಟ ಆಣೆ ಓಗಿ ಅವ್ರ ತಲೆ ಮ್ಯಾಲೆ ಕುಂತ್ಕತದೆ. ತೂಬು ಇಟ್ಕೊಳಿ.’

ಅಧ್ಯಕ್ಷರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮಡಚಿದ್ದ ತೋಳನ್ನು ಬಿಡಿಸಿ ಸರಿ ಮಾಡಿಕೊಂಡರು. ಬೇಡ ತಾಯಿ, ತೂಬು ನಿನ್ನದೇ ಎನ್ನುತ್ತಾರೆ ಎಂದು ನಾನು ಅವರ ಬಾಯನ್ನೇ ನೋಡಿದೆ. ಅವರು ಎನ್ನಲಿಲ್ಲ. ತಮ್ಮ ಸರದಿ ಮುಗಿದ ಮೇಲೆ ವಾರಕ್ಕೆ ಎರಡು ದಿನ ಆಕೆಗೆ ನೀರು ಬಿಡಬೇಕು ಎಂದು ಹಿರಿಯರು ಹೇಳಿದ್ದಕ್ಕೆ ಆಗಲಿ ಎಂದರು. ಆಕೆ ತಟ್ಟೆಯನ್ನು ತೆಗೆದುಕೊಂಡು ಹೋಗಿ ಮಾರಮ್ಮನ ಮುಂದೆ ಇಟ್ಟು ಬಂದರು. ಕರ್ಪೂರ ಅಲ್ಲಿ ತಾನಾಗಿಯೇ ಉರಿದು ಮುಗಿಯಿತು. ಜನ ಡೇರಿಗೆ ಹಾಲು ಹಾಕಲು ಸಾಲು ನಿಂತರು.

ಬಸ್ಸಿಗೆ ಕಾಯಲು ನಾನು ಊರಮುಂದಿನ ಕಲ್ಲಿನ ಮೇಲೆ ಕೂತೆ. ಆಕೆ ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬಂದರು. ಎದ್ದು ನಿಂತೆ. ಕ್ಷಮಿಸಿ ಅಮ್ಮ, ನನ್ನಿಂದ ನಿಮ್ಮ ನೀರು ಹೋಯಿತು, ನನ್ನ ಮೇಲೆ ನಿಮಗೆ ಎಷ್ಟು ಸಿಟ್ಟಿದ್ದರೂ ಬೈದುಬಿಡಿ ಎಂದೆ. ನಿಜವಾಗಿ ಬೈಸಿಕೊಳ್ಳಬೇಕೆಂದೇ ಇತ್ತು. ಬೈದಿದ್ದರೆ ಬಸ್ಸಿನಲ್ಲಿ ಸ್ವಲ್ಪ ಹಗುರವಾಗಿ ಕೂರಬಹುದಿತ್ತು.

ಆಕೆ ಹೊರೆಯನ್ನು ಇಳಿಸಲಿಲ್ಲ. ಅದರಡಿಯಿಂದಲೇ ನನ್ನನ್ನು ನೋಡಿದರು. ಕಣ್ಣಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

‘ನಿಮ್ ಮ್ಯಾಲ್ ಯಾಕ್ ಸಿಟ್ಟು ಮೇಷ್ಟ್ರೇ’ ಎಂದರು. ‘ನೀವು ಆಟ ಆಡಕ್ ಬಂದಿದ್ರಿ.’